ಟೊಂಗನ್ ಪದಗಳಲ್ಲಿ ಒತ್ತು ಎಲ್ಲಿ ಬೀಳುತ್ತದೆ, ಏಕೆ ಸ್ಥಾನ ಬದಲಿಸುತ್ತದೆ?

ಪ್ರಶ್ನೆ: ನಾನು ಆಕ್ಲೆಂಡಿನಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತೇನೆ. ನನ್ನ ಸಹೋದ್ಯೋಗಿಗಳಲ್ಲಿ ಪೆಸಿಫಿಕ್ ದ್ವೀಪರಾಷ್ಟ್ರ ಟೊಂಗಾದ ಮೂಲದ ಟೊಂಗನ್ನರೂ ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳೂ ಇದ್ದಾರೆ. ‘ಮನುಷ್ಯ’ ಎಂಬ ಅರ್ಥಕ್ಕೆ ಇಬ್ಬರೂ ‘ತಙತ’ ಎಂಬ ಒಂದೇ ಪದ ಬಳಸುತ್ತಾರೆ. ಆದರೆ ಮಾವೊರಿ ಗೆಳತಿ ಮೊದಲ ಅಕ್ಷರವನ್ನು ಒತ್ತಿ ಹೇಳುತ್ತಾಳೆ, ಟೊಂಗನ್ ಗೆಳತಿ ನಡುವಿನ ಅಕ್ಷರವನ್ನು ಒತ್ತುತ್ತಾಳೆ. ಇನ್ನೂ ಗೊಂದಲದ ಸಂಗತಿಯೆಂದರೆ, ಮನೆ ಎನ್ನುವುದಕ್ಕೆ ಟೊಂಗನ್ ಗೆಳತಿ ಒಮ್ಮೆ ‘ಫಾಲೆ’ ಎಂದಂತೆ, ಇನ್ನೊಮ್ಮೆ ‘ಫಲೇ’ ಎಂದಂತೆ ಕೇಳುತ್ತದೆ. ವಿಚಾರಿಸಿದರೆ ಎರಡೂ ಒಂದೇ ಪದ ಎನ್ನುತ್ತಾಳೆ. ನರ್ಸ್ ಎಂಬುದಕ್ಕೆ ಅವರಲ್ಲಿರುವ ಪದದಲ್ಲಿ ‘ಎ’ ಸ್ವರವನ್ನು ಎರಡು ಸಲ ಬರೆಯುತ್ತಾರೆ. ಇವಕ್ಕೆಲ್ಲ ನಿಯಮವಿದೆಯೇ? ಕನ್ನಡದಲ್ಲಿ ಇಂಥದ್ದೇನಾದರೂ ಇದೆಯೇ?

ಉತ್ತರ: ನೀವು ಕೇಳಿಸಿಕೊಂಡ ಮೂರು ಸಂಗತಿಗಳೂ ನಿಜ, ಮೂರಕ್ಕೂ ನಿಯಮವಿದೆ, ಮತ್ತು ಟೊಂಗನ್ನಿನ ಮಟ್ಟಿಗೆ ಹೇಳುವುದಾದರೆ ಆ ನಿಯಮ ಒಂದೇ. ಪದದ ಕೊನೆಯಿಂದ ಹಿಂದಕ್ಕೆ ಎರಡು ಮಾತ್ರೆ (ಒಂದು ಹ್ರಸ್ವಸ್ವರ ಹೇಳುವಷ್ಟು ಕಾಲ ಒಂದು ಮಾತ್ರೆ) ಎಣಿಸಿದರೆ ಒತ್ತಿನ ಜಾಗ ಸಿಗುತ್ತದೆ. ನಿಮ್ಮ ಗೆಳತಿ ಮನೆಯನ್ನು ಎರಡು ರೀತಿಯಲ್ಲಿ ಉಚ್ಚರಿಸುವುದು ಬಾಯಿಗೆ ಬಂದಂತೆ ಹೇಳುವುದಲ್ಲ. ಒಂದು ಉಚ್ಚಾರಣೆಗೆ ‘ಒಂದು ಮನೆ’ ಎಂದೂ ಇನ್ನೊಂದಕ್ಕೆ ‘ಆ ಮನೆ’ ಎಂದೂ ಅರ್ಥ. ಪದ ಒಂದೇ ಎಂದು ಅವರು ಹೇಳಿದ್ದೂ ಸರಿ, ಬೇರೆಯಾಗಿ ಕೇಳಿಸಿತು ಎಂದು ನಿಮಗೆ ಅನಿಸಿದ್ದೂ ಸರಿ.

ಮುಂದುವರಿಯುವ ಮುನ್ನ ಒಂದೆರಡು ಮಾತು ಸ್ಪಷ್ಟಪಡಿಸಿಕೊಳ್ಳೋಣ. ಇಲ್ಲಿ ಒತ್ತು ಎಂದರೆ ಕನ್ನಡ ಬರವಣಿಗೆಯ ಒತ್ತಕ್ಷರವಲ್ಲ. ಪದದ ಒಂದು ಭಾಗವನ್ನು ಉಳಿದವುಗಳಿಗಿಂತ ಹೆಚ್ಚಿನ ಬಲದಿಂದ, ಸ್ವಲ್ಪ ಏರಿದ ದನಿಯಲ್ಲಿ, ತುಸು ಎಳೆದು ಹೇಳುವುದು. ಒತ್ತು ಬೀಳುವ ಅಕ್ಷರಕ್ಕೆ ಮುಂಚೆ ˈ ಎಂಬ ಗೆರೆ ಹಾಕಿದ್ದೇನೆ: ˈಫಲೆ ಎಂದರೆ ಬಲ ಮೊದಲ ಅಕ್ಷರದ ಮೇಲೆ, ಫˈಲೆ ಎಂದರೆ ಎರಡನೆಯದರ ಮೇಲೆ. ಟೊಂಗನ್ನಿನಲ್ಲಿ ಗಂಟಲನ್ನು ಕ್ಷಣಕಾಲ ಮುಚ್ಚಿ ತೆರೆಯುವ ಒಂದು ವ್ಯಂಜನವಿದೆ. ಕನ್ನಡ ಲಿಪಿಯಲ್ಲಿ ಅದಕ್ಕೆ ಅಕ್ಷರವಿಲ್ಲ, ಒತ್ತಿನ ಲೆಕ್ಕವನ್ನೂ ಅದು ಬದಲಿಸುವುದಿಲ್ಲವಾದ್ದರಿಂದ ಇಲ್ಲಿ ಅದನ್ನು ಗುರುತಿಸಿಲ್ಲ. ಆದರೆ ‘ತಙತ’ದ ನಡುವಿನ ಧ್ವನಿಗೆ ನಮ್ಮ ವರ್ಣಮಾಲೆಯಲ್ಲಿ ಅಕ್ಷರ ಸಿದ್ಧವಾಗಿಯೇ ಇದೆ. ಶಾಲೆಯಲ್ಲಿ ಕಲಿತು ಬಳಿಕ ಬಳಸದೆಯೇ ಬಿಡುವ ಙ ಎಂಬುದು ಅದೇ ಧ್ವನಿ.

ಟೊಂಗನ್ನಿನಲ್ಲಿ ಐದು ಸ್ವರಗಳಿವೆ, ಹನ್ನೆರಡು ವ್ಯಂಜನಗಳಿವೆ. ಸ್ವರಗಳಲ್ಲಿ ನಮ್ಮಂತೆಯೇ ಹ್ರಸ್ವ ಮತ್ತು ದೀರ್ಘದ ಭೇದವಿದೆ: ‘ಪೆಪೆ’ ಎಂದರೆ ಚಿಟ್ಟೆ, ‘ಪೇಪೇ’ ಎಂದರೆ ಮಗು. ಕೊಡು ಮತ್ತು ಕೋಡು, ಮರಿ ಮತ್ತು ಮಾರಿ ಎಂಬ ಜೋಡಿಗಳೊಂದಿಗೆ ಬೆಳೆದ ನಮಗೆ ಇದು ಹೊಸತಲ್ಲ. ಹೊಸತು ಯಾವುದೆಂದರೆ ಅಲ್ಲಿ ಎರಡು ವ್ಯಂಜನಗಳು ಒಟ್ಟಿಗೆ ಬರುವುದೇ ಇಲ್ಲ, ಯಾವ ಪದವೂ ವ್ಯಂಜನದಲ್ಲಿ ಮುಗಿಯುವುದೂ ಇಲ್ಲ. ಛಂದಸ್ಸನ್ನು ಓದಿದವರಿಗೆ ಇದರ ಪರಿಣಾಮ ತಕ್ಷಣ ಹೊಳೆಯುತ್ತದೆ. ನಮ್ಮಲ್ಲಿ ಒಂದು ಅಕ್ಷರ ಗುರುವಾಗುವುದಕ್ಕೆ ದೀರ್ಘಸ್ವರವಲ್ಲದೆ ಮುಂದಿನ ಒತ್ತಕ್ಷರ, ಅನುಸ್ವಾರ, ವಿಸರ್ಗ, ವ್ಯಂಜನಾಂತ್ಯ ಹೀಗೆ ಹಲವು ಕಾರಣಗಳಿವೆ. ಟೊಂಗನ್ನಿನಲ್ಲಿ ಕಾರಣ ಒಂದೇ, ದೀರ್ಘಸ್ವರ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಅಲ್ಲಿಗೆ ಲೆಕ್ಕ ಮುಗಿಯಿತು. ಷಟ್ಪದಿಗೆ ಪ್ರಸ್ತಾರ ಹಾಕಲು ಬಲ್ಲ ಕನ್ನಡ ವಿದ್ಯಾರ್ಥಿಗೆ ಟೊಂಗನ್ ಪದದ ಪ್ರಸ್ತಾರ ಹಾಕುವುದು ಅರ್ಧ ನಿಮಿಷದ ಕೆಲಸ.

ಹಾಗೆ ಪ್ರಸ್ತಾರ ಹಾಕಿಕೊಂಡು ಕೊನೆಯ ಎರಡು ಮಾತ್ರೆಗಳನ್ನು ಒಂದು ಗಣವೆಂದು ಭಾವಿಸಿ. ಆ ಗಣದ ಮೊದಲ ಮಾತ್ರೆಯ ಮೇಲೆ ಒತ್ತು ಬೀಳುತ್ತದೆ. ˈಫಲೆ (ಮನೆ), ˈವಕ (ದೋಣಿ), ತˈಙತ (ಮನುಷ್ಯ), ಫೆˈಫಿನೆ (ಹೆಂಗಸು), ಮೊˈಅನ (ಕಡಲು), ಎಲ್ಲವೂ ಹೀಗೆಯೇ. ರಾಜಧಾನಿಯ ಹೆಸರು ನುಕುಅˈಲೊಫ. ಕೊನೆಯ ಸ್ವರ ದೀರ್ಘವಾಗಿದ್ದರೆ ಆ ಒಂದು ಅಕ್ಷರವೇ ಎರಡು ಮಾತ್ರೆಯ ಪೂರ್ತಿ ಗಣವಾಗುವುದರಿಂದ ಒತ್ತು ಅದರ ಮೇಲೆಯೇ ಬೀಳುತ್ತದೆ. ವಂದನೆ ಹೇಳುವಾಗ ಬಳಸುವ ಮಾˈಲೋ ಅಂಥದ್ದು. ನಿಮ್ಮ ಆಸ್ಪತ್ರೆಯಲ್ಲಿ ಕೇಳಿರಬಹುದಾದ ತೊಕೆˈತಾ ಕೂಡ ಅಂಥದ್ದೇ. ಡಾಕ್ಟರ್ ಎಂಬ ಇಂಗ್ಲಿಷ್ ಪದ ಟೊಂಗನ್ ಬಾಯಲ್ಲಿ ಪಡೆದ ರೂಪವದು. ಇಂಗ್ಲಿಷಿನಲ್ಲಿ ಒತ್ತು ಮೊದಲಲ್ಲಿದ್ದರೂ ಇಲ್ಲಿ ಅದು ಕೊನೆಯ ದೀರ್ಘಕ್ಕೆ ಬಂದು ನಿಂತಿದೆ.

‘ಉಪಾಂತ್ಯ ಅಕ್ಷರದ ಮೇಲೆ ಒತ್ತು’, ಅಂದರೆ ಕೊನೆಯಿಂದ ಎರಡನೆಯ ಅಕ್ಷರದ ಮೇಲೆ, ಎಂದು ಪ್ರವಾಸಿಗರ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ಅದು ಬಹುಪಾಲು ಪದಗಳಿಗೆ ಹೊಂದುತ್ತದಾದರೂ ತೊಕೆˈತಾ ಎಂಬಲ್ಲಿ ಸೋಲುತ್ತದೆ. ಅಕ್ಷರದ ಬದಲು ಮಾತ್ರೆಯನ್ನು ಎಣಿಸಿದರೆ ಎರಡೂ ಬಗೆಯ ಪದಗಳು ಒಂದೇ ಸೂತ್ರದೊಳಗೆ ಬರುತ್ತವೆ. ಆದ್ದರಿಂದ ನಾನು ಮಾತ್ರೆಯ ಲೆಕ್ಕವನ್ನೇ ಹಿಡಿಯಿರಿ ಎಂದು ಒತ್ತಾಯಿಸುತ್ತೇನೆ. ನಮಗೆ ಈ ಅಳತೆಗೋಲು ಮೊದಲೇ ಕೈಯಲ್ಲಿದೆ. ಎಣಿಸುವ ದಿಕ್ಕನ್ನು ಮಾತ್ರ ತಿರುಗಿಸಿಕೊಳ್ಳಬೇಕು. ಕನ್ನಡ ಪದ್ಯದಲ್ಲಿ ಸಾಲಿನ ಆರಂಭದಿಂದ ಗಣ ಕಟ್ಟುತ್ತ ಹೋಗುತ್ತೇವೆ, ಟೊಂಗನ್ ಪದದಲ್ಲಿ ಅಂತ್ಯದಿಂದ ಹಿಂದಕ್ಕೆ ಕಟ್ಟಬೇಕು.

ಅಂತ್ಯದಿಂದ ಎಣಿಸುವ ಭಾಷೆಯಲ್ಲಿ ಅಂತ್ಯವೇ ಬದಲಾದರೆ ಒತ್ತೂ ಜರುಗಬೇಕಾಗುತ್ತದೆ. ˈಮೊಹೆ ಎಂದರೆ ಮಲಗು. ಅದಕ್ಕೆ ಸ್ಥಳವನ್ನು ಸೂಚಿಸುವ ‘ಅಙ’ ಪ್ರತ್ಯಯ ಸೇರಿ ಮೊಹೆˈಅಙ, ಅಂದರೆ ಮಲಗುವ ಜಾಗ, ಆಗುತ್ತದೆ. ಮೊದಲು ಬಲವಾಗಿದ್ದ ‘ಮೊ’ ಈಗ ಎರಡನೆಯ ದರ್ಜೆಯ ಸಣ್ಣ ಒತ್ತನ್ನಷ್ಟೇ ಉಳಿಸಿಕೊಳ್ಳುತ್ತದೆ. ˈನೊಫೊ ಎಂದರೆ ಇರು, ನೊಫೊˈಅಙ ಎಂದರೆ ಇರುವ ಜಾಗ, ವಾಸಸ್ಥಾನ. ಪ್ರತ್ಯಯವಲ್ಲದ ಪುಟ್ಟ ಪದಗಳೂ ಹೀಗೆ ಅಂಟಿಕೊಳ್ಳುವುದುಂಟು. ˈಅಹೊ ಎಂದರೆ ದಿನ. ‘ಈ’ ಎಂಬ ಅರ್ಥದ ‘ನಿ’ ಅದರ ನಂತರ ಬಂದರೆ ಅˈಹೊ ನಿ, ಅಂದರೆ ಈ ದಿನ. ಬರವಣಿಗೆಯಲ್ಲಿ ಎರಡು ಪದ, ಒತ್ತಿನ ಲೆಕ್ಕಕ್ಕೆ ಒಂದೇ ಪದ.

ಇನ್ನು ನಿಮಗೆ ‘ಫಾಲೆ’ ಮತ್ತು ‘ಫಲೇ’ ಎಂದು ದೀರ್ಘವಾಗಿ ಕೇಳಿಸಿದ ವಿಚಾರ. ಇದು ಟೊಂಗನ್ನಿಗಿಂತ ಹೆಚ್ಚಾಗಿ ಕನ್ನಡ ಕಿವಿಗೆ ಸಂಬಂಧಿಸಿದ್ದು, ಮತ್ತು ಇದನ್ನು ಅರಿತುಕೊಳ್ಳದೆ ಮುಂದೆ ಹೋದರೆ ಕಲಿಕೆ ತಪ್ಪು ದಾರಿ ಹಿಡಿಯುತ್ತದೆ. ಕನ್ನಡದಲ್ಲಿ ಒತ್ತು ಪದದ ಅರ್ಥವನ್ನು ಬದಲಿಸುವುದಿಲ್ಲ. ಸಾಮಾನ್ಯವಾಗಿ ಮೊದಲ ಅಕ್ಷರಕ್ಕೆ ತುಸು ಬಲವಿರುತ್ತದೆ. ಮಾಡುತ್ತಾನೆ ಎಂಬುದು ಆಡುಮಾತಿನಲ್ಲಿ ಮಾಡ್ತಾನೆ ಎಂದಾಗುವಾಗ ನಡುವಿನ ಸ್ವರ ಬಿದ್ದುಹೋಗಿ ಮೊದಲಿನದು ಉಳಿಯುತ್ತದೆ. ಆ ಬಲವನ್ನು ಗಮನಿಸುವ ಅಗತ್ಯ ನಮಗೆ ಬರುವುದೇ ಇಲ್ಲ. ಸ್ವರದ ಉದ್ದವನ್ನಾದರೋ ಪ್ರತಿ ಪದದಲ್ಲೂ ಗಮನಿಸುತ್ತೇವೆ, ಏಕೆಂದರೆ ಅದು ಅರ್ಥ ಬದಲಿಸುತ್ತದೆ. ಹೀಗಿರುವಾಗ ಪರಭಾಷೆಯ ಒತ್ತು ಕಿವಿಗೆ ಬಿದ್ದರೆ, ಅದರಲ್ಲಿ ಬಲ, ಸ್ಥಾಯಿ, ಕಾಲ ಮೂರೂ ಬೆರೆತಿದ್ದರೂ, ನಾವು ಕಾಲವನ್ನೊಂದೇ ಆರಿಸಿಕೊಂಡು ದೀರ್ಘ ಎಂದು ತೀರ್ಮಾನಿಸುತ್ತೇವೆ. ಹವಾಯಿಯ ಅˈಲೊಹ ನಮ್ಮ ಪತ್ರಿಕೆಗಳಲ್ಲಿ ‘ಅಲೋಹಾ’ ಆಗುವುದೂ, ಟೊಂಗನ್ ಮೂಲದ ನ್ಯೂಜಿಲೆಂಡ್ ರಗ್ಬಿ ಆಟಗಾರ ಜೋನಾ ˈಲೊಮು ‘ಲೋಮು’ ಆಗುವುದೂ ಹೀಗೆಯೇ. ಧ್ವನಿಮುದ್ರಣ ಕೇಳಿ ಬರೆದುಕೊಳ್ಳಲು ಕಲಿಯುತ್ತಿದ್ದ ಮೊದಲ ವಾರಗಳಲ್ಲಿ ನಾನೂ ಕೊˈಲೊ ಎಂದು ಕೇಳಿದ್ದನ್ನು ‘ಕೊಲೋ’ ಎಂದು ಬರೆದು, ˈಕೊಲೊ (ಊರು) ಎಂಬುದರಿಂದ ಬೇರೆಯಾದ ಪದವೆಂದು ಪಟ್ಟಿ ಮಾಡಿದ್ದೆ. ಪಟ್ಟಿಯಲ್ಲಿ ಅಂಥ ಜೋಡಿಗಳು ಹತ್ತಾರು ಸೇರಿದ ಮೇಲೆಯೇ ಏನೋ ತಪ್ಪಿದೆ ಎಂದು ಅರಿವಾದದ್ದು.

ನಿಜವಾದ ದೀರ್ಘವನ್ನೂ ಒತ್ತಿನಿಂದ ಬಂದ ಎಳೆತವನ್ನೂ ಬೇರ್ಪಡಿಸಲು ಸುಲಭವಾದ ಪರೀಕ್ಷೆಯೊಂದಿದೆ. ಪದವನ್ನು ಒತ್ತು ಜರುಗುವಂಥ ಸಂದರ್ಭದಲ್ಲಿ ಹೇಳಿಸಿ. ˈಮೊಹೆ ಎಂಬಲ್ಲಿ ಉದ್ದವೆನಿಸಿದ ‘ಮೊ’ ಮೊಹೆˈಅಙ ಎಂಬಲ್ಲಿ ಗಿಡ್ಡವಾಗಿಬಿಟ್ಟರೆ ಅದು ಮೊದಲಿನಿಂದಲೂ ಹ್ರಸ್ವ. ಮಾˈಲೋ ಎಂಬುದರ ‘ಮಾ’ ಒತ್ತಿಲ್ಲದೆಯೂ ಉದ್ದವಾಗಿಯೇ ನಿಲ್ಲುತ್ತದೆ. ಅದು ನಿಜವಾದ ದೀರ್ಘ.

ಮಾವೊರಿ ಗೆಳತಿಯ ˈತಙತದ ವಿಷಯಕ್ಕೆ ಬರೋಣ. ಟೊಂಗನ್, ಮಾವೊರಿ, ಸಮೋವನ್, ಹವಾಯಿಯನ್ ಇವೆಲ್ಲ ಪಾಲಿನೇಷ್ಯನ್ ಭಾಷೆಗಳು. ಫಿಜಿಯ ಭಾಷೆಯನ್ನೂ ಮೆಲನೇಷ್ಯಾ ಮತ್ತು ಮೈಕ್ರೋನೇಷ್ಯಾದ ನೂರಾರು ಭಾಷೆಗಳನ್ನೂ ಒಳಗೊಂಡ ಓಷಿಯಾನಿಕ್ ಎಂಬ ದೊಡ್ಡ ಶಾಖೆಗೆ ಇವು ಸೇರುತ್ತವೆ. ಟೊಂಗನ್ನಿನ ˈಫಲೆ ಫಿಜಿಯಲ್ಲಿ ˈವಲೆ, ಹವಾಯಿಯಲ್ಲಿ ˈಹಲೆ, ಮಾವೊರಿಯಲ್ಲಿ ˈಫರೆ. ಎರಡು ಮಾತ್ರೆಯ ಪದವಾದ್ದರಿಂದ ಒತ್ತಿನಲ್ಲಿ ಇವು ಬೇರೆಯಾಗುವುದಿಲ್ಲ. ಪದ ಮೂರು ಮಾತ್ರೆಗೆ ಬೆಳೆದಾಗ ಮಾತ್ರ ಮಾವೊರಿ ಬೇರೆ ದಾರಿ ಹಿಡಿಯುತ್ತದೆ. ಹೆಂಗಸು ಎಂಬುದಕ್ಕೆ ಹವಾಯಿಯಲ್ಲೂ ಮಾವೊರಿಯಲ್ಲೂ ಬರವಣಿಗೆಯಲ್ಲಿ ಒಂದಕ್ಷರವೂ ವ್ಯತ್ಯಾಸವಿಲ್ಲದ ‘ವಹಿನೆ’ ಎಂಬ ಪದವಿದೆ. ಹವಾಯಿಯವರು ವˈಹಿನೆ ಎನ್ನುತ್ತಾರೆ, ಮಾವೊರಿಗಳು ˈವಹಿನೆ ಎನ್ನುತ್ತಾರೆ. ಅಲ್ಲಿನ ಅˈಲೊಹ ಇಲ್ಲಿ ˈಅರೊಹ.

ಮಾವೊರಿಯ ನಿಯಮ ಎಣಿಕೆಗಿಂತ ಹೆಚ್ಚಾಗಿ ಭಾರವನ್ನು ತೂಗಿ ನೋಡುವಂಥದ್ದು. ಪದದಲ್ಲಿ ದೀರ್ಘಸ್ವರವಿದ್ದರೆ ಮೊದಲ ದೀರ್ಘದ ಮೇಲೆ ಒತ್ತು. ಅದಿಲ್ಲದಿದ್ದರೆ ‘ಐ’, ‘ಔ’ ಮುಂತಾದ ಜೋಡಿಸ್ವರಗಳಲ್ಲಿ ಮೊದಲನೆಯದರ ಮೇಲೆ. ಅದೂ ಇಲ್ಲದಿದ್ದರೆ ಮೊದಲ ಅಕ್ಷರದ ಮೇಲೆ. ಕೊನೆಯಿಂದ ನಾಲ್ಕು ಮಾತ್ರೆಗಳ ಆಚೆಗೆ ಅದು ಸಾಮಾನ್ಯವಾಗಿ ಹೋಗುವುದಿಲ್ಲ. ಹಿರಿಯರು ಎಂಬರ್ಥದ ಕೌˈಮಾತುಅ ಎಂಬಲ್ಲಿ ಮೊದಲಿಗಿರುವ ಜೋಡಿಸ್ವರವನ್ನು ದಾಟಿ ದೀರ್ಘಸ್ವರ ಒತ್ತನ್ನು ಪಡೆದಿರುವುದನ್ನು ಗಮನಿಸಿ. ಆ ಭಾಷೆಯಲ್ಲಿ ಕೆಲವು ಪದಗಳ ಬಹುವಚನವೂ ಸ್ವರದ ಉದ್ದದಲ್ಲೇ ಇದೆ: ˈತಙತ ಎಂದರೆ ಮನುಷ್ಯ, ˈತಾಙತ ಎಂದರೆ ಮನುಷ್ಯರು. ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಮಾವೊರಿ ಕಲಿಸಿದ ಬ್ರೂಸ್ ಬಿಗ್ಸ್ ಅವರು ದೀರ್ಘಸ್ವರವನ್ನು ಅಕ್ಷರ ಇಮ್ಮಡಿಸಿಯೇ ಬರೆಯಬೇಕೆಂದು ವಾದಿಸಿದ್ದು ಈ ಕಾರಣದಿಂದಲೇ. ಇಂದು ತಲೆಗೆರೆಯ, ಅಂದರೆ ಸ್ವರದ ಮೇಲೆ ಅಡ್ಡಗೆರೆ ಹಾಕುವ, ಪದ್ಧತಿ ಗೆದ್ದಿದೆಯಾದರೂ ಅವರ ಕಾಳಜಿ ನನಗೆ ಪೂರ್ತಿ ಒಪ್ಪಿಗೆ. ಉದ್ದವನ್ನು ಬರೆಯದಿದ್ದರೆ ಒತ್ತು ಎಲ್ಲಿ ಬೀಳುತ್ತದೆ ಎಂದು ಹೊಸಬರಿಗೆ ತಿಳಿಯುವ ದಾರಿಯೇ ಇರುವುದಿಲ್ಲ.

ಎರಡರಲ್ಲಿ ಹಳೆಯದು ಯಾವುದು ಎಂದು ಕೇಳಿದರೆ ಟೊಂಗನ್ನಿನದು ಎನ್ನಬೇಕಾಗುತ್ತದೆ. ಓಷಿಯಾನಿಕ್ ಭಾಷೆಗಳ ಮೂಲರೂಪದ ಒತ್ತನ್ನು ಪುನಾರಚಿಸಲು 2000ದಲ್ಲಿ ಪ್ರಯತ್ನಿಸಿದ ಜಾನ್ ಲಿಂಚ್, ಸ್ವರದಲ್ಲಿ ಮುಗಿಯುವ ಪದಗಳಿಗೆ ಉಪಾಂತ್ಯದ ಒತ್ತನ್ನೂ ವ್ಯಂಜನದಲ್ಲಿ ಮುಗಿಯುವ ಪದಗಳಿಗೆ ಕೊನೆಯ ಅಕ್ಷರದ ಒತ್ತನ್ನೂ ಸೂಚಿಸಿದ್ದಾರೆ. ಅಂದರೆ ಆ ಪ್ರಾಚೀನ ಭಾಷೆಯಲ್ಲಿ, ನಮ್ಮ ಛಂದಸ್ಸಿನಲ್ಲಿರುವಂತೆ, ವ್ಯಂಜನಾಂತ್ಯವೂ ಅಕ್ಷರವನ್ನು ಗುರುವಾಗಿಸುತ್ತಿತ್ತು ಎಂದು ಅರ್ಥೈಸಬಹುದು. ಪದಾಂತ್ಯದ ವ್ಯಂಜನಗಳು ಬಿದ್ದುಹೋದ ಭಾಷೆಗಳಲ್ಲಿ ಆ ಅವಕಾಶ ಇಲ್ಲವಾಯಿತು, ಎರಡು ಮಾತ್ರೆಯ ಗಣ ಮಾತ್ರ ಉಳಿದುಕೊಂಡಿತು.

ಈ ಎಣಿಕೆ ಭಾಷೆಯನ್ನು ವಿವರಿಸಲು ಪಂಡಿತರು ಹೊರಗಿನಿಂದ ತಂದ ಲೆಕ್ಕವಲ್ಲ ಎಂಬುದಕ್ಕೆ ಸಮೋವನ್ ಭಾಷೆಯಲ್ಲಿ ಸೊಗಸಾದ ಸಾಕ್ಷ್ಯವಿದೆ. ಅಲ್ಲಿ ಅನೇಕ ಕ್ರಿಯಾಪದಗಳ ಬಹುವಚನವನ್ನು ಒಂದು ಅಕ್ಷರವನ್ನು ಮತ್ತೆ ಹೇಳಿ ಮಾಡುತ್ತಾರೆ. ಸˈವಲಿ, ಅಂದರೆ ನಡೆ, ಬಹುವಚನದಲ್ಲಿ ಸವˈವಲಿ ಆಗುತ್ತದೆ; ಅˈಲೊಫ (ಪ್ರೀತಿಸು) ಅಲೊˈಲೊಫ ಆಗುತ್ತದೆ; ಮಾˈಲೊಸಿ (ಬಲಿಷ್ಠವಾಗಿರು) ಮಾಲೊˈಲೊಸಿ ಆಗುತ್ತದೆ. ಪ್ರತಿ ಬಾರಿಯೂ ಮರುಕಳಿಸುವುದು ಒತ್ತು ಬಿದ್ದ ಅಕ್ಷರವೇ. ಮಾತೃಭಾಷಿಕರ ಮನಸ್ಸಿಗೆ ಆ ಜಾಗ ಗೊತ್ತಿಲ್ಲದಿದ್ದರೆ ಈ ಬಹುವಚನ ಸಾಧ್ಯವೇ ಇರಲಿಲ್ಲ. ಕನ್ನಡದ ಮೊಟ್ಟಮೊದಲು, ಕಟ್ಟಕಡೆ, ನಟ್ಟನಡುವೆ, ತುತ್ತತುದಿ ಎಂಬ ರೂಪಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಇಲ್ಲಿ ಮರುಕಳಿಸುವುದು ಯಾವಾಗಲೂ ಪದದ ಮೊದಲ ಅಕ್ಷರ. ನಮ್ಮ ಭಾಷೆಯ ಬಲ ಆರಂಭದಲ್ಲಿದೆ, ಅವರದು ಅಂತ್ಯದ ಕಡೆಗಿದೆ ಎಂಬುದನ್ನು ಈ ಎರಡು ಬಗೆಯ ದ್ವಿರುಕ್ತಿಗಳಷ್ಟು ಚೆನ್ನಾಗಿ ತೋರಿಸುವ ಬೇರೆ ಉದಾಹರಣೆ ನನಗೆ ಹೊಳೆಯುವುದಿಲ್ಲ.

ಈಗ ನರ್ಸ್ ಪದ. ಅದನ್ನು ಅರ್ಥಮಾಡಿಕೊಳ್ಳಲು ಒಂದು ಸಣ್ಣ ತೊಡಕನ್ನು ಬಿಡಿಸಬೇಕು. ಗಣ ಎರಡು ಮಾತ್ರೆಯದು, ಅದು ಪದದ ಅಂತ್ಯಕ್ಕೆ ಅಂಟಿಕೊಂಡಿರಬೇಕು. ಪದದ ಕೊನೆಯಲ್ಲಿ ಗುರು, ಆಮೇಲೆ ಲಘು ಬಂದರೆ ಏನು ಮಾಡಬೇಕು? ಒಟ್ಟು ಮೂರು ಮಾತ್ರೆಗಳಾದವು. ಕೊನೆಯ ಎರಡನ್ನು ಹಿಡಿದರೆ ಗಣದ ಗೆರೆ ಗುರುವಿನ ಮಧ್ಯದಲ್ಲೇ ಹಾದುಹೋಗುತ್ತದೆ. ಮಾತ್ರಾಗಣದ ಪದ್ಯಗಳಲ್ಲಿ ಗುರುವನ್ನು ಎರಡು ಗಣಗಳ ನಡುವೆ ಸೀಳಬಾರದು ಎಂಬ ಕಟ್ಟಳೆ ನಮ್ಮಲ್ಲೂ ಇದೆ. ಹಾಗಾಗಿ ಈ ಇಕ್ಕಟ್ಟು ನಮಗೆ ಪರಿಚಿತವೇ.

ಟೊಂಗನ್ ಇದನ್ನು ಬಗೆಹರಿಸುವ ರೀತಿ ನೇರವಾಗಿದೆ. ಗುರುವನ್ನು ಒಡೆದು ಎರಡು ಲಘುಗಳಾಗಿ ಮಾಡುತ್ತದೆ, ಎರಡನೆಯ ಲಘುವಿನ ಮೇಲೆ ಒತ್ತು ಇಡುತ್ತದೆ. ‘ಪೋ’ ಎಂದರೆ ರಾತ್ರಿ. ‘ಈ’ ಎಂಬ ಅರ್ಥದ ‘ನಿ’ ಸೇರಿದರೆ ಪೋನಿ ಎನ್ನುವುದಿಲ್ಲ, ಪೊˈಒನಿ ಎನ್ನುತ್ತಾರೆ. ಈ ರಾತ್ರಿ ಎಂದರ್ಥ. ‘ಹೂ’ ಎಂದರೆ ಒಳಹೋಗು. ಅದಕ್ಕೆ ಪ್ರತ್ಯಯ ಸೇರಿ ಹುˈಉಫಿ, ಅಂದರೆ ಕಟ್ಟಡ ಮೊದಲಾದವನ್ನು ವಿಧ್ಯುಕ್ತವಾಗಿ ಉದ್ಘಾಟಿಸು. ಬೆಳಕು ಅಥವಾ ಲೋಕ ಎಂಬುದಕ್ಕೆ ಮˈಅಮ. ಇಂಥ ಕಡೆ ತಲೆಗೆರೆ ಹಾಕಿ ದೀರ್ಘವನ್ನು ತೋರಿಸುವ ಬದಲು ಸ್ವರವನ್ನು ಎರಡು ಬಾರಿ ಬರೆಯುವುದು ಟೊಂಗನ್ ಬರವಣಿಗೆಯ ರೂಢಿ, ಏಕೆಂದರೆ ಅದು ಈಗ ಒಂದು ದೀರ್ಘಸ್ವರವಲ್ಲ, ಎರಡು ಅಕ್ಷರ. ನರ್ಸ್ ಎಂಬುದು ಅವರಲ್ಲಿ ನೆˈಎಸಿ. ನಿಮ್ಮನ್ನು ಅವರು ಹಾಗೆ ಕರೆದಾಗ ಮೊದಲ ಸ್ವರದ ನಡುವೆ ದನಿ ಮೇಲೇರುವುದನ್ನು ಗಮನವಿಟ್ಟು ಕೇಳಿ; ಆ ಏರಿಕೆಯೇ ಒತ್ತು.

ಫಿಜಿಯ ಭಾಷೆ ಇದೇ ಇಕ್ಕಟ್ಟಿಗೆ ತದ್ವಿರುದ್ಧವಾದ ಪರಿಹಾರ ಕಂಡುಕೊಂಡಿದೆ. ಮೀರಿಹೋಗು ಎಂಬರ್ಥದ ಧಾತುವಿನಲ್ಲಿ ಮೂಲತಃ ದೀರ್ಘವಿದೆ. ಪ್ರತ್ಯಯ ಸೇರಿದ ಸೀˈವಿತ ಎಂಬ ರೂಪದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಪ್ರತ್ಯಯವಿಲ್ಲದೆ ಒಂಟಿಯಾಗಿ ನಿಂತಾಗ ಅದು ˈಸಿವಿ, ಗುರು ಲಘುವಾಗಿಬಿಟ್ಟಿದೆ. ನಮ್ಮ ಹಳಗನ್ನಡ ಕವಿಗಳು ಶಿಥಿಲದ್ವಿತ್ವವೆಂದು ಗುರುವಾಗಬೇ‌ಕಾದ ಅಕ್ಷರವನ್ನು ಲಘುವಾಗಿ ಹಿಡಿಯುತ್ತಿದ್ದುದು ನಿಮಗೆ ನೆನಪಾಗಬಹುದು. ಕಾರಣ ಬೇರೆಯಾದರೂ ಗಣ ಕೂಡಿಬರಲಿ ಎಂಬ ಒತ್ತಾಯ ಎರಡೂ ಕಡೆ ಕೆಲಸ ಮಾಡುತ್ತದೆ. ಒಂದು ಭಾಷೆ ಒಡೆಯುತ್ತದೆ, ಇನ್ನೊಂದು ಕುಗ್ಗಿಸುತ್ತದೆ, ಗಣ ಮಾತ್ರ ಎರಡರಲ್ಲೂ ಅದೇ. ಭಾಷೆಗಳು ಒಂದೇ ಬಗೆಯ ನಿರ್ಬಂಧಗಳನ್ನು ಬೇರೆ ಬೇರೆ ಆದ್ಯತೆಯಲ್ಲಿ ಜೋಡಿಸಿಕೊಳ್ಳುತ್ತವೆ ಎಂಬ ಸಿದ್ಧಾಂತವನ್ನು ಅಲನ್ ಪ್ರಿನ್ಸ್ ಮತ್ತು ಪಾಲ್ ಸ್ಮೊಲೆನ್‌ಸ್ಕಿ 1993ರಲ್ಲಿ ಮಂಡಿಸಿದಾಗ ಟೊಂಗನ್ನಿನ ಈ ಒಡೆಯುವ ಗುಣವನ್ನೂ ಚರ್ಚೆಗೆ ತೆಗೆದುಕೊಂಡಿದ್ದರು.

ಕೊನೆಗೆ ನಿಮ್ಮ ಮುಖ್ಯ ಪ್ರಶ್ನೆ, ˈಫಲೆ ಮತ್ತು ಫˈಲೆ. ಸಿ. ಮ್ಯಾಕ್ಸ್‌ವೆಲ್ ಚರ್ಚ್‌ವರ್ಡ್ 1953ರಲ್ಲಿ ಪ್ರಕಟಿಸಿದ ಟೊಂಗನ್ ವ್ಯಾಕರಣ ಇದನ್ನು ವಿಸ್ತಾರವಾಗಿ ವಿವರಿಸಿದೆ. ಅಂದಿನಿಂದ ಇದಕ್ಕೆ ನಿರ್ದಿಷ್ಟತೆಯ ಒತ್ತು ಎಂಬರ್ಥದ ಹೆಸರು ನಿಂತಿದೆ. ಟೊಂಗನ್ ನಾಮಪದಕ್ಕೆ ನಿರ್ದಿಷ್ಟತೆಯ ಮೂರು ಮೆಟ್ಟಿಲುಗಳಿವೆ. ‘ಹ ˈಫಲೆ’ ಎಂದರೆ ಯಾವುದಾದರೂ ಒಂದು ಮನೆ, ಇಂಥದ್ದೇ ಎಂದಿಲ್ಲ. ‘ಹೆ ˈಫಲೆ’ ಎಂದರೆ ಒಂದು ಮನೆ. ಹೇಳುವವರ ಮನಸ್ಸಿನಲ್ಲಿ ಅದು ಇದೆ, ಕೇಳುವವರಿಗೆ ಇನ್ನೂ ತಿಳಿದಿಲ್ಲ. ‘ಹೆ ಫˈಲೆ’ ಎಂದರೆ ಆ ಮನೆ, ಇಬ್ಬರಿಗೂ ಗೊತ್ತಿರುವ ಮನೆ. ಮೊದಲ ಎರಡು ಮೆಟ್ಟಿಲುಗಳ ನಡುವಿನ ವ್ಯತ್ಯಾಸವನ್ನು ‘ಹ’, ‘ಹೆ’ ಎಂಬ ಪುಟ್ಟ ಪದಗಳು ಮಾಡುತ್ತವೆ. ಎರಡನೆಯದರಿಂದ ಮೂರನೆಯದಕ್ಕೆ ಹೋಗುವ ಕೆಲಸವನ್ನು ಒತ್ತೊಂದೇ ನಿರ್ವಹಿಸುತ್ತದೆ. ನಿಮ್ಮ ಕೆಲಸದ ಜಾಗದಲ್ಲಿ ಬಳಕೆಯಾಗುವ ಪದಗಳನ್ನೇ ತೆಗೆದುಕೊಳ್ಳಿ. ಮನೆ ಮತ್ತು ಕಾಯಿಲೆ ಎಂಬ ಎರಡು ಪದ ಸೇರಿ ಫಲೆಮˈಹಕಿ, ಅಂದರೆ ಆಸ್ಪತ್ರೆ. ‘ಆಸ್ಪತ್ರೆಗೆ’ ಎಂದು ಇಬ್ಬರಿಗೂ ತಿಳಿದ ಆಸ್ಪತ್ರೆಯನ್ನು ಕುರಿತು ಹೇಳುವಾಗ ‘ಕಿ ಹೆ ಫಲೆಮಹˈಕಿ’ ಎನ್ನುತ್ತಾರೆ. ಫೈˈತೊಒ ಎಂದರೆ ಔಷಧಿ. ವೈದ್ಯರು ಆಗಲೇ ಬರೆದುಕೊಟ್ಟಿರುವ ಆ ಔಷಧಿ ಎನ್ನುವಾಗ ಫೈತೊˈಒ.

ಈ ಒತ್ತು ನಾಮಪದಕ್ಕೆ ಸೇರಿದ್ದಲ್ಲ, ಇಡೀ ಪದಗುಚ್ಛಕ್ಕೆ ಸೇರಿದ್ದು ಎಂಬುದು ಇದರ ಅತ್ಯಂತ ಕುತೂಹಲಕಾರಿ ಗುಣ. ‘ಲಹಿ’ ಎಂದರೆ ದೊಡ್ಡ, ಮತ್ತು ಟೊಂಗನ್ನಿನಲ್ಲಿ ವಿಶೇಷಣ ನಾಮಪದದ ನಂತರ ಬರುತ್ತದೆ. ‘ಹೆ ಫಲೆ ˈಲಹಿ’ ಎಂದರೆ ಒಂದು ದೊಡ್ಡ ಮನೆ, ‘ಹೆ ಫಲೆ ಲˈಹಿ’ ಎಂದರೆ ಆ ದೊಡ್ಡ ಮನೆ. ನಿರ್ದಿಷ್ಟವಾದದ್ದು ಮನೆ, ಆದರೆ ಒತ್ತು ಜರುಗಿದ್ದು ದೊಡ್ಡದು ಎಂಬ ಪದದಲ್ಲಿ. ಗುಚ್ಛ ಇನ್ನೂ ಉದ್ದವಾದರೆ ಒತ್ತು ಇನ್ನೂ ಮುಂದಕ್ಕೆ ಸಾಗಿ ಗುಚ್ಛದ ತೀರ ಕೊನೆಯ ಸ್ವರವನ್ನು ಸೇರುತ್ತದೆ. ಆದ್ದರಿಂದ ನಿಮ್ಮ ಗೆಳತಿಯ ಮಾತಿನಲ್ಲಿ ಕೊನೆಯ ಸ್ವರ ಏರಿದರೆ ಎರಡು ವಿಷಯ ಒಟ್ಟಿಗೆ ತಿಳಿಯುತ್ತವೆ: ಹೇಳುತ್ತಿರುವ ವಸ್ತು ನಿಮಗೂ ಗೊತ್ತಿರುವಂಥದ್ದೆಂದು ಅವರು ಭಾವಿಸಿದ್ದಾರೆ, ಮತ್ತು ಆ ಗುಚ್ಛ ಅಲ್ಲಿಗೆ ಮುಗಿಯಿತು.

ಕೊನೆಯ ಸ್ವರದ ಮೇಲಿನ ಈ ಒತ್ತು ಉಪಾಂತ್ಯದ ನಿಯಮಕ್ಕೆ ಅಪವಾದದಂತೆ ಕಾಣುತ್ತದೆಯಾದರೂ ಹಾಗಿರಬೇಕಾಗಿಲ್ಲ. ನಿರ್ದಿಷ್ಟತೆಯ ಗುರುತು ಎಂದರೆ ಗುಚ್ಛದ ಕೊನೆಗೆ ಸೇರುವ ಒಂದು ಮಾತ್ರೆಯ ಸ್ವರ, ಅದು ತನ್ನ ಹಿಂದಿನ ಸ್ವರವನ್ನೇ ಹೋಲುತ್ತದೆ ಎಂದು ಭಾವಿಸಿದರೆ, ಫಲೆ ಎಂಬುದು ‘ಫಲೆಎ’ ಆಗುತ್ತದೆ, ಕೊನೆಯಿಂದ ಎರಡನೆಯ ಮಾತ್ರೆ ‘ಲೆ’ಯಲ್ಲೇ ಸಿಗುತ್ತದೆ, ಹಳೆಯ ನಿಯಮ ಕೂದಲೆಳೆಯಷ್ಟೂ ಬದಲಾಗದೆ ಕೆಲಸ ಮಾಡುತ್ತದೆ. ಪೂರ್ವದಲ್ಲಿ ನಾಮಪದದ ನಂತರ ಬರುತ್ತಿದ್ದ, ‘ಆ’ ಎಂಬಂಥ ಅರ್ಥದ ಒಂದು ಪುಟ್ಟ ಪದ ಸವೆದು ಕರಗಿ ಇಷ್ಟೇ ಉಳಿದಿದೆ ಎಂಬ ವಿವರಣೆಯನ್ನು ಭಾಷಾವಿಜ್ಞಾನಿಗಳು ಕೊಟ್ಟಿದ್ದಾರೆ. ನನಗೂ ಅದೇ ಸರಿಯೆನಿಸುತ್ತದೆ. ಅˈಹೊ ನಿ ಎಂಬಲ್ಲಿ ‘ನಿ’ ಇನ್ನೂ ಕಣ್ಣಿಗೆ ಕಾಣುತ್ತದೆ, ಫˈಲೆ ಎಂಬಲ್ಲಿ ಅಂಥದ್ದೊಂದು ಪದ ಕಾಣದಂತಾಗಿ ಅದರಿಂದ ಜರುಗಿದ ಒತ್ತು ಮಾತ್ರ ನಿಂತಿದೆ.

ಕನ್ನಡದಲ್ಲಿ ಇಂಥದ್ದಿದೆಯೇ ಎಂದು ಕೇಳಿದ್ದೀರಿ. ಒತ್ತಿನಿಂದ ನಿರ್ದಿಷ್ಟತೆಯನ್ನು ತೋರಿಸುವ ಪದ್ಧತಿ ನಮ್ಮಲ್ಲಿಲ್ಲ, ಆದರೆ ಅರ್ಥದ ಆ ಭೇದ ನಮಗೂ ಬೇಕಾಗುತ್ತದೆ, ಅದನ್ನು ವಿಭಕ್ತಿಯಿಂದ ಸಾಧಿಸುತ್ತೇವೆ. ‘ಹುಡುಗಿ ಪುಸ್ತಕ ಓದಿದಳು’ ಎಂದರೆ ಯಾವುದೋ ಪುಸ್ತಕ. ‘ಹುಡುಗಿ ಪುಸ್ತಕವನ್ನು ಓದಿದಳು’ ಎಂದರೆ ಮಾತಿನಲ್ಲಿ ಆಗಲೇ ಬಂದಿರುವ ಪುಸ್ತಕ ಎಂಬ ಭಾವ ಬರುತ್ತದೆ. ರೂಪದ ಕಡೆಯಿಂದ ನೋಡಿದರೆ ನಮ್ಮ ‘ಏ’ ಹೆಚ್ಚು ಹತ್ತಿರದ್ದು. ‘ಆ ದೊಡ್ಡ ಮನೆಯೇ’ ಎನ್ನುವಾಗ ಒಂದೇ ಒಂದು ಸ್ವರ ಗುಚ್ಛದ ಕೊನೆಗೆ ಅಂಟಿಕೊಂಡು ಇಡೀ ಗುಚ್ಛದ ಅರ್ಥಕ್ಕೆ ಬಣ್ಣ ಕೊಡುತ್ತದೆ. ಟೊಂಗನ್ನಿನ ಗುರುತೂ ಅಷ್ಟೇ ಗಾತ್ರದ್ದು, ಅದೇ ಜಾಗದ್ದು. ಅರ್ಥ ಮಾತ್ರ ಬೇರೆ.

ಟೊಂಗನ್ನರು ಇದನ್ನು ಬರವಣಿಗೆಯಲ್ಲಿ ಕೊನೆಯ ಸ್ವರದ ಮೇಲೆ ಓರೆಗೆರೆ ಹಾಕಿ ತೋರಿಸುತ್ತಾರೆ. ಅದರ ಹೆಸರು ಫಕಮˈಮಫ. ‘ಮಮಫ’ ಎಂದರೆ ಭಾರ, ‘ಫಕ’ ಎಂದರೆ ಹಾಗೆ ಮಾಡುವುದು. ನಾವು ಸ್ವರಭಾರ ಎಂದದ್ದನ್ನು ಅವರು ತಮ್ಮ ದಾರಿಯಲ್ಲಿ ಅದೇ ಮಾತಿನಿಂದ ಕರೆದಿದ್ದಾರೆ. ದೀರ್ಘವನ್ನು ತೋರಿಸುವ ತಲೆಗೆರೆಗೆ ತೊˈಲೊಇ ಎಂದು ಹೆಸರು. ದಿನಬಳಕೆಯ ಸಂದೇಶಗಳಲ್ಲಿ ಅನೇಕರು ಈ ಗುರುತುಗಳನ್ನು ಹಾಕುವುದಿಲ್ಲ. ಹಾಗಾಗಿ ಕಲಿಯುವವರು ಬರಹಕ್ಕಿಂತ ಮಾತನ್ನೇ ನೆಚ್ಚಬೇಕು. ಗೆಳತಿಗೆ ಒಂದು ಪದವನ್ನು ಒಂಟಿಯಾಗಿ ಹೇಳಲು ಕೇಳಬೇಡಿ; ‘ಒಂದು ದೋಣಿ ಬಂತು, ಆ ದೋಣಿ ಒಡೆದಿತ್ತು’ ಎಂಬಂಥ ಎರಡು ವಾಕ್ಯಗಳನ್ನು ಬೆನ್ನುಬೆನ್ನಿಗೆ ಹೇಳಲು ಕೇಳಿ. ಮೊದಲ ವಾಕ್ಯದ ˈವಕ ಎರಡನೆಯದರಲ್ಲಿ ವˈಕ ಆಗುವುದನ್ನು ನೀವೇ ಹಿಡಿಯುತ್ತೀರಿ.

ಅದು ಅಭ್ಯಾಸವಾದ ಮೇಲೆ ಅದೇ ರೀತಿ ‘ಒಬ್ಬ ನರ್ಸ್’ ಮತ್ತು ‘ಆ ನರ್ಸ್’ ಎಂದು ಹೇಳಿಸಿ ನೋಡಿ. ಮೊದಲನೆಯದು ನೆˈಎಸಿ, ನೀವು ಈಗಾಗಲೇ ಕೇಳಿರುವ ಒಡೆದ ಸ್ವರ. ಎರಡನೆಯದರಲ್ಲಿ ಒತ್ತು ಕೊನೆಯ ‘ಸಿ’ಗೆ ಹೋಗುತ್ತದೆ. ಒಡೆಯಲು ಕಾರಣವಾಗಿದ್ದ ಇಕ್ಕಟ್ಟು ಇಲ್ಲವಾದ್ದರಿಂದ ಎರಡು ‘ಎ’ಗಳು ಮತ್ತೆ ಕೂಡಿಕೊಂಡು ಒಂದೇ ದೀರ್ಘವಾಗುತ್ತವೆ, ಬರೆಯುವಾಗಲೂ ಜೋಡಿ ಅಕ್ಷರ ಹೋಗಿ ತಲೆಗೆರೆ ಬರುತ್ತದೆ: ನೇˈಸಿ.